ಸೀಟಿ ಕೇಳಿದ ಕೈ

ಪರಮಶಿವಯ್ಯ ಪೇಟೆ ಬೀದಿಯಲ್ಲಿ ನಡೆದು ಬಂದರೆ ಅಂಗಡಿಯವರು ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದರು. ನಿಂತವರಿಗೆ ಅದು ಗೌರವ, ಅವನಿಗೆ ಅದೇ ಶಿಕ್ಷೆ. ಹಾಗಾಗಿ ಅವನು ಆದಷ್ಟೂ ಪೇಟೆ ಬೀದಿ ತಪ್ಪಿಸಿ ಹಿಂದಿನ ಗಾಣದ ಓಣಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದ. ಅಲ್ಲೂ ಗಾಣದವನು ಎತ್ತು ನಿಲ್ಲಿಸಿ ಕೈ ಮುಗಿಯುತ್ತಿದ್ದ. ಇಡೀ ಹಾಸನದಲ್ಲಿ ಅವನನ್ನು ದೊಡ್ಡ ಮನುಷ್ಯ ಅಂದುಕೊಳ್ಳದೇ ಇದ್ದದ್ದು ಆ ಗಾಣದ ಎತ್ತು ಒಂದೇ. ಅದರ ಮುಂದೆ ಮಾತ್ರ ಅವನು ತಲೆ ಎತ್ತಿ ನಡೆಯುತ್ತಿದ್ದ.

ಕೈ ಮುಗಿಸಿಕೊಳ್ಳಲು ಅವನೇನು ಅಮಲ್ದಾರನಲ್ಲ, ಮಠದ ಅಯ್ಯನೂ ಅಲ್ಲ. ದೊಡ್ಡಯ್ಯನವರ ನಾಟಕದ ಮನೆಯಲ್ಲಿ ಪರದೆ ಎಳೆಯುವ ಆಳು. ನಾಟಕವೇ ನಿಂತುಹೋದ ಮೇಲೆ ಆ ಕೆಲಸಕ್ಕೂ ಅರ್ಥ ಉಳಿದಿರಲಿಲ್ಲ. ಅಂಥವನಿಗೆ ಊರು ಯಾಕೆ ಎದ್ದು ನಿಲ್ಲುತ್ತಿತ್ತು, ಎದ್ದಾಗಲೆಲ್ಲ ಅವನು ಯಾಕೆ ನೆಲ ನೋಡುತ್ತಿದ್ದ ಅನ್ನುವುದನ್ನು ಮೊದಲಿಂದಲೇ ಹೇಳಬೇಕು.

ಅವನ ಊರು ಕಟ್ಟಾಯ. ಮೀಸೆ ಚಿಗುರುವ ವಯಸ್ಸಿನಲ್ಲಿ ಸಂತೆಗೆಂದು ಹಾಸನಕ್ಕೆ ಬಂದವನು ನಾಟಕದ ಮನೆಯ ತಗಡಿನ ಸಂದಿನಿಂದ ಒಳಗೆ ಇಣುಕಿದ. ಒಳಗೆ ಪರದೆಗೆ ಬಣ್ಣ ಹಾಕುತ್ತಿದ್ದರು. ಬಟ್ಟೆಯ ಮೇಲೆ ಕಂಬ ಏಳುವುದನ್ನೂ ಕಂಬಕ್ಕೆ ನೆರಳು ಬೀಳುವುದನ್ನೂ ನೋಡುತ್ತ ನಿಂತವನು ಸಂತೆಯ ಚೀಲ ಅಲ್ಲೇ ಕೆಳಗಿಟ್ಟ. ಊರಿಗೆ ಉಪ್ಪು ಮೆಣಸಿನಕಾಯಿ ಮುಟ್ಟಲೇ ಇಲ್ಲ ಎಂದು ಅವನ ತಾಯಿ ಸಾಯುವ ತನಕ ಬೈಯುತ್ತಿದ್ದಳು.

ದೊಡ್ಡಯ್ಯನವರು ರಾಗಿ ಮಂಡಿಯ ಯಜಮಾನರು, ನಾಟಕದ ಹುಚ್ಚು ತಲೆಗೇರಿದವರು. ಮಂಡಿಯ ಪಕ್ಕದ ಜಾಗದಲ್ಲಿ ಮಣ್ಣಿನ ಗೋಡೆ ಎಬ್ಬಿಸಿ, ಮೇಲೆ ತಗಡು ಹೊದಿಸಿ, ಎದೆಮಟ್ಟದ ರಂಗ ಕಟ್ಟಿಸಿದ್ದರು. ಬೇರೆ ಊರುಗಳಲ್ಲಿ ಕಂಪನಿಯವರು ತಮ್ಮ ಪರದೆ ತಾವೇ ತರಬೇಕು. ಇಲ್ಲಿ ಮನೆಯದೇ ಐದು ಪರದೆ ಇದ್ದವು: ದರ್ಬಾರು, ಬೀದಿ, ಕಾಡು, ಹೂದೋಟ, ಎಲ್ಲಕ್ಕೂ ಮುಂದೆ ಶಿವ ಪಾರ್ವತಿ ಕೂತ ಕೈಲಾಸದ ಪರದೆ. ಒಂದೊಂದರ ಕೆಳಗಂಚಿಗೂ ಮನುಷ್ಯನ ತೊಡೆ ಗಾತ್ರದ ತೇಗದ ದಿಂಡು. ಹಗ್ಗ ಎಳೆದರೆ ಪರದೆ ದಿಂಡಿಗೆ ಸುತ್ತಿಕೊಳ್ಳುತ್ತ ಮೇಲೇರುತ್ತದೆ, ಸಡಿಲ ಬಿಟ್ಟರೆ ಬಿಚ್ಚಿಕೊಳ್ಳುತ್ತ ಇಳಿಯುತ್ತದೆ. ಹಗ್ಗದ ತುದಿ ರಂಗದ ಪಕ್ಕದ ಗೂಟದಲ್ಲಿ. ಆ ಗೂಟದ ಪಕ್ಕ ಒಂದು ಮಣೆ. ಮಣೆಯ ಮೇಲೆ ಇಪ್ಪತ್ತೊಂಬತ್ತು ವರ್ಷ ಪರಮಶಿವಯ್ಯ.

ಕಂಪನಿಯ ಮ್ಯಾನೇಜರು ಗಿಡ್ಡ ಸೀಟಿ ಊದಿದರೆ ಪರದೆಯನ್ನು ಕೈಯಿಂದ ಕೈಗೆ ನಿಧಾನವಾಗಿ ಇಳಿಸಬೇಕು. ಉದ್ದ ಸೀಟಿ ಊದಿದರೆ ಹಗ್ಗವನ್ನು ಪೂರ್ತಿ ಕೈಬಿಡಬೇಕು. ರಾಜ ಸತ್ತಾಗ, ಋಷಿ ಶಾಪ ಕೊಟ್ಟಾಗ, ತಾಯಿ ಮಗನನ್ನು ಗುರುತು ಹಿಡಿದಾಗ ಪರದೆ ಧೊಪ್ಪೆಂದು ಬೀಳಬೇಕು. ಅರೆಗಳಿಗೆ ತಡವಾದರೂ ಸತ್ತ ರಾಜ ಕಣ್ಣು ಬಿಟ್ಟುಬಿಡುತ್ತಾನೆ. ಪರಮಶಿವಯ್ಯನ ಕೈಯಲ್ಲಿ ಒಬ್ಬ ರಾಜನೂ ಹಾಗೆ ಬದುಕಲಿಲ್ಲ. “ಸೀಟಿ ನನ್ ಕಿವಿಗೆ ಕೇಳೋದ್ಕಿಂತ ಮುಂಚೆ ಕೈಗೆ ಕೇಳ್ತದೆ ಕಣ್ರಲಾ” ಎಂದು ಅವನು ಜಂಬ ಹೊಡೆಯುತ್ತಿದ್ದ. ಜಂಬವಾದರೂ ಮಾತು ಸುಳ್ಳಲ್ಲ. ಮುಂದೆ ಅವನು ಅದು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಅಂದುಕೊಂಡ.

ಹೊಳೆನರಸೀಪುರದ ಚನ್ನಬಸವಯ್ಯ ಒಂದು ಕಂಪನಿಯ ಜೊತೆ ಹಾರ್ಮೋನಿಯಂ ನುಡಿಸುತ್ತ ಬಂದವನು. ಕಂಪನಿ ಇಲ್ಲೇ ಒಡೆದುಹೋಯಿತು, ಅವನು ಇಲ್ಲೇ ಉಳಿದ. ರಂಗದ ಕೆಳಗೆ ಎಡಗಡೆಯ ಹಳ್ಳದಲ್ಲಿ ಅವನ ಪೆಟ್ಟಿಗೆ, ಅದರ ನೇರ ಮೇಲೆ ಇವನ ಮಣೆ. ಒಂದೇ ಎಲೆಯಡಿಕೆ ಚೀಲ ಇಬ್ಬರ ನಡುವೆ ಮೇಲೆ ಕೆಳಗೆ ಓಡಾಡುತ್ತಿತ್ತು. ಪಾತ್ರಧಾರಿ ಹಾಡು ಮರೆತರೆ ಚನ್ನಬಸವಯ್ಯ ಬಲಗೈಯಲ್ಲಿ ಬಿಳಿ ಮನೆ ಕರಿ ಮನೆಗಳ ಮೇಲೆ ಓಡಿ, ಮರೆತ ಹಾಡನ್ನು ಪೂರ್ತಿ ನುಡಿಸಿ, ಮರೆತವನಿಗೇ ಚಪ್ಪಾಳೆ ಕೊಡಿಸುತ್ತಿದ್ದ.

ಸಾವಿರದ ಒಂಬೈನೂರ ಮೂವತ್ತರ ಮೇಲೆ ಕಂಪನಿಗಳು ಸೊರಗಿದವು. ಮಾತಾಡುವ ಸಿನಿಮಾ ಬಂತು. ಮೂವತ್ತಾರರಲ್ಲಿ ದೊಡ್ಡಯ್ಯನವರು ತೀರಿಕೊಂಡರು. ಅವರ ಹೆಂಡತಿ ಬಸವಲಿಂಗಮ್ಮ ಒಂದು ತಿಂಗಳು ಬಾಗಿಲು ಮುಚ್ಚಿಸಿ, ಆಮೇಲೆ ಪರಮಶಿವಯ್ಯನನ್ನು ಕರೆಸಿದರು.

“ನಾಟಕ ಬರ್ನಿಲ್ಲ ಅಂತ ಇಷ್ಟು ದೊಡ್ಡ ಮನೆ ಇಲಿಗೆ ಬುಡಕ್ಕಾಯ್ತದಾ? ಊರ್ನೋರು ಏನ್ ಬೇಕಾದ್ರೂ ಮಾಡ್ಕಳ್ಳಿ. ಮದುವೆ, ಸಭೆ, ಅರಿಕತೆ. ನೀನೇ ನೋಡ್ಕೊ.”

“ಪರದೆಗಳು ಅವ್ವಾ?”

“ಅವೂ ಇರ್ಲಿ. ಯಾರು ಬ್ಯಾಡ ಅಂದ್ರು?”

ಈ ಕೊನೆಯ ಮಾತನ್ನು ಪರಮಶಿವಯ್ಯ ಅಪ್ಪಣೆ ಎಂದೇ ತೆಗೆದುಕೊಂಡ. ಮದುವೆಯಾಗಲಿ, ಸಭೆಯಾಗಲಿ, ಹಿಂದೆ ಒಂದು ಪರದೆ ಇರಲೇಬೇಕು. ಮದುವೆಗೆ ದರ್ಬಾರು, ಹೆಣ್ಣಿನ ಕಡೆಯವರು ಹಿಗ್ಗುತ್ತಿದ್ದರು. ಹೋಬಳಿಯ ರೈತರ ಸಭೆಗೆ ಹೂದೋಟ. ಶಿಕ್ಷಣಾಧಿಕಾರಿಗಳು ಬಂದಾಗ ಬೀದಿಯ ಪರದೆ ಬಿಟ್ಟ; ಅವರು ಭಾಷಣ ಮುಗಿಯುವವರೆಗೂ ಹೆಂಡದಂಗಡಿಯ ಚಿತ್ರದ ಕೆಳಗೇ ನಿಂತಿದ್ದರು. ಊರಿನ ಹಿರಿಯರೊಬ್ಬರು ಸತ್ತಾಗ ಸಂತಾಪ ಸಭೆಗೆ ಕಾಡು ಸರಿ ಎಂದು ಯೋಚಿಸಿ ಹಗ್ಗ ಬಿಟ್ಟರೆ, ಇಳಿದದ್ದು ಉಯ್ಯಾಲೆಯಲ್ಲಿ ಕೂತ ಜೋಡಿ ಇದ್ದ ಹೂದೋಟ. ಅದನ್ನು ಸುತ್ತುವಷ್ಟು ಹೊತ್ತು ಯಾರೂ ಅಳಲಾಗಲಿಲ್ಲ. ಜನ ನಕ್ಕರೆ ಅವನಿಗೆ ಬೇಸರವಿರಲಿಲ್ಲ, ಪರದೆಯನ್ನು ನೋಡಿ ನಗುತ್ತಾರಲ್ಲ ಅಷ್ಟೇ ಸಾಕು. ನೋಡದೇ ಇರುವುದು ಅವನಿಗೆ ಸಹಿಸಲಾಗದು. ಬರಬರುತ್ತ ನೋಡದೇ ಇರುವವರೇ ಜಾಸ್ತಿಯಾದರು. ಲಡಾಯಿ ಶುರುವಾದ ಮೇಲೆ, ಜನರ ಬಾಯಲ್ಲಿ ‘ಹಾಲ್’ ಆಗಿದ್ದ ಆ ನಾಟಕದ ಮನೆಯಲ್ಲಿ ರೇಷನ್ ಚೀಟಿ ಹಂಚುತ್ತಿದ್ದರು, ಪ್ಲೇಗಿನ ಸೂಜಿ ಚುಚ್ಚುತ್ತಿದ್ದರು. ಸೂಜಿಗೆ ತೋಳು ಕೊಟ್ಟವನಿಗೆ ಕೈಲಾಸ ಕಾಣುತ್ತದೆಯೇ?

ನಲವತ್ತೆರಡರ ಗೌರಿ ಹಬ್ಬ ಮುಗಿದ ವಾರ. ಬಸವಲಿಂಗಮ್ಮ ಅವನನ್ನು ಅಡುಗೆಮನೆಯ ಬಾಗಿಲಿಗೆ ಕರೆದು ದನಿ ತಗ್ಗಿಸಿ ಹೇಳಿದರು.

“ಸುಕ್ರವಾರ ಸಂಜೆ ರುದ್ರಪಟ್ಟಣದ ಕಡೆಯೋರು, ಚಂದ್ರಶೇಖರಯ್ಯ ಅಂತ, ಅರಿಕತೆ ಮಾಡ್ತಾರೆ. ಅವ್ರು ಹೇಳ್ದಂಗೆ ಮಾಡು. ಈ ವಿಸ್ಯ ಎಲ್ಲೂ ಎತ್ಬ್ಯಾಡ.”

ಅವನು ದಡ್ಡನಲ್ಲ. ಊರೂರಲ್ಲಿ ಚಳವಳಿಯವರು ತಂತಿ ಕತ್ತರಿಸುತ್ತಿದ್ದ ಕಾಲ, ದಿನಕ್ಕೊಬ್ಬರನ್ನು ಹಿಡಿದು ಒಳಗೆ ಹಾಕುತ್ತಿದ್ದ ಕಾಲ. ಹರಿಕಥೆಯೊಳಗೆ ಯಾವ ಕಥೆ ಬರುತ್ತದೆ ಅನ್ನುವುದು ಅವನಿಗೆ ಹೊಳೆದಿತ್ತು. ಗುರುವಾರ ಬಂದ ಹರಿಕಥೆಯ ದಾಸರು ಚಂದ್ರಶೇಖರಯ್ಯ ನಲವತ್ತು ದಾಟಿರದ, ಚುರುಕು ಕಣ್ಣಿನ ಮನುಷ್ಯ. ಪರಮಶಿವಯ್ಯ ಐದು ಪರದೆಗಳನ್ನೂ ಒಂದಾದ ಮೇಲೊಂದು ಇಳಿಸಿ ತೋರಿಸಿದ. ದಾಸರು ಒಂದನ್ನೂ ನೋಡಲಿಲ್ಲ.

“ಪರದೆ ಯಾವುದೂ ಬೇಡಪ್ಪ. ಹಿಂದಿನ ಬಾಗಿಲಿಗೆ ಬೀಗ ಹಾಕಬೇಡಿ, ಆ ಕಡೆ ಓಣಿಯಲ್ಲಿ ದೀಪ ಇಡಬೇಡಿ. ಅಷ್ಟು ಸಾಕು” ಅಂದರು.

ಅವನಿಗೆ ಮುಖಕ್ಕೆ ಹೊಡೆದಂತಾಯಿತು. ಯಾವುದೂ ಬೇಡವಂತೆ! ಬೀಗದ ಮೇಲೆ ಇರುವ ಅಕ್ಕರೆ ಕೈಲಾಸದ ಮೇಲೆ ಇಲ್ಲವಂತೆ!

ಮಾರನೆಯ ಬೆಳಿಗ್ಗೆ ಕಾಫಿ ಹೋಟೆಲಿನಲ್ಲಿ ದಫೇದಾರ ಮಲ್ಲೇಗೌಡ ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಮಲ್ಲಿಪಟ್ಟಣದ ಕಡೆಯವನು, ಹುಡುಗನಾಗಿದ್ದಾಗಿನಿಂದ ನಾಟಕ ನೋಡಿದವನು. ಸ್ನೇಹಿತನೇನಲ್ಲ, ಪೊಲೀಸಿನವನು, ಅದು ಪರಮಶಿವಯ್ಯನಿಗೆ ಚೆನ್ನಾಗಿ ಗೊತ್ತಿತ್ತು.

“ಏನ್ ಪರಮಶಿವಯ್ಯ, ಆ ದರ್ಬಾರ್ ಪರದೆ ಇನ್ನೂ ಐತಾ? ಅದ್ರ ಕಂಬದ ನೆಳ್ಳು ನೋಡಿ ನಾನು ಚಿಕ್ಕೋನಾಗಿದ್ದಾಗ ನಿಜವಾದ ಕಂಬ ಅಂತ್ಲೇ ಅನ್ಕಂಡಿದ್ದೆ ಕಣಯ್ಯ.”

ವರ್ಷಗಟ್ಟಲೆ ಯಾರೂ ಕೇಳದಿದ್ದ ಮಾತು. ಪರಮಶಿವಯ್ಯನ ಎದೆ ತುಂಬಿಬಂತು.

“ಐತೆ ಸಾ. ಬಣ್ಣ ಒಂಚೂರೂ ಮಾಸಿಲ್ಲ.”

“ಇವತ್ತೇನೋ ಅರಿಕತೆ ಅಂತಲ್ಲ. ಅದ್ಕೆ ಅದ್ನೇ ಬುಡ್ತೀಯಾ?”

ಇಲ್ಲಿ ಅವನು ಎದ್ದು ಹೋಗಬಹುದಿತ್ತು. ಬಸವಲಿಂಗಮ್ಮನವರ ತಗ್ಗಿದ ದನಿ ನೆನಪಿತ್ತು. ನೆನಪಿದ್ದೂ ಬಾಯಿ ಬಿಟ್ಟ.

“ಎಲ್ಲಿ ಸಾ! ಎಂತಾ ದಾಸ್ರೋ ಕಾಣೆ. ಪರದೆ ಬ್ಯಾಡ್ವಂತೆ. ಹಿಂದಿನ ಬಾಗ್ಲಿಗೆ ಬೀಗ ಆಕ್ಬ್ಯಾಡಿ, ಓಣೀಲಿ ದೀಪ ಇಡ್ಬ್ಯಾಡಿ ಅಂತಾರೆ. ಕತೆ ಮಾಡೋನಿಗೆ ಹಿಂದಿನ ಬಾಗ್ಲು ಯಾಕ್ ಸಾ?”

ಮಲ್ಲೇಗೌಡ ಲೋಟ ಕೆಳಗಿಟ್ಟ. “ಯಾಕಪ್ಪಾ?” ಅಂದ. ಇಬ್ಬರ ಕಾಫಿಯೂ ತನ್ನದೇ ಎಂದು ಹೋಟೆಲಿನವನಿಗೆ ಸನ್ನೆ ಮಾಡಿ ಎದ್ದು ಹೋದ. ಆ ಬೆನ್ನು ಬಾಗಿಲು ದಾಟುವಾಗಲೇ ಪರಮಶಿವಯ್ಯನಿಗೆ ತಾನೇನು ಮಾಡಿದೆ ಎಂದು ಗೊತ್ತಾಯಿತು. ದಾಸರ ಬಳಿಗೆ ಓಡಿ ಹೇಳಬೇಕಿತ್ತು. ಹೇಳಿದರೆ, ಬಾಯಿ ಬಿಟ್ಟವನು ಯಾರು ಎಂದು ಕೇಳುತ್ತಾರಲ್ಲ. ಆ ನಾಚಿಕೆಗೆ ಹೆದರಿ ಅವನು ಇಡೀ ದಿನ ಮಣೆಯ ಮೇಲೆ ಕೂತು, ಏನೂ ಆಗಲಿಕ್ಕಿಲ್ಲ, ಏನೂ ಆಗಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಸಂಜೆ ಹಾಲ್ ತುಂಬಿತು. ದಾಸರು ಗೆಜ್ಜೆ ಕಟ್ಟಿ, ಕೇಸರಿ ಪೇಟ ಸುತ್ತಿ ನಿಂತರು. ಹರಿಕಥೆಗೆ ಪಕ್ಕವಾದ್ಯದವರು ರಂಗದ ಮೇಲೆಯೇ ಕೂರಬೇಕು. ಚನ್ನಬಸವಯ್ಯ ಅಷ್ಟು ವರ್ಷದಲ್ಲಿ ಮೊದಲ ಸಲ ಹಳ್ಳ ಬಿಟ್ಟು ಮೇಲೆ ಬಂದು, ಮುಂಪರದೆಯ ಗೆರೆಗೆ ಸರಿಯಾಗಿ ಪೆಟ್ಟಿಗೆ ಇಟ್ಟು ಕೂತ. ಇದು ಪರಮಶಿವಯ್ಯನ ಕಣ್ಣಿಗೆ ಬಿತ್ತು, ಕೈಗೆ ಗೊತ್ತಾಗಲಿಲ್ಲ. ಪರದೆ ಬೇಡ ಅಂದಿದ್ದರೂ ಅಭ್ಯಾಸಬಲದಿಂದ ಅವನು ಗೂಟದ ಪಕ್ಕ ಕೂತು ಹಗ್ಗ ಹಿಡಿದೇ ಇದ್ದ.

ಪ್ರಹ್ಲಾದನ ಕಥೆ ಜೈಲಿಗೆ ಬಂತು, ಜೈಲಿನ ಕಥೆ ಮೈಸೂರಿಗೆ ಬಂತು. ಜನ ಉಸಿರು ಬಿಗಿಹಿಡಿದರು. ಅಷ್ಟರಲ್ಲಿ ಬಾಗಿಲ ಕಡೆಯಿಂದ ಪೊಲೀಸ್ ಸೀಟಿ ಕೇಳಿತು. ಉದ್ದ ಸೀಟಿ.

ಹಗ್ಗ ಪೂರ್ತಿ ಬಿಟ್ಟುಹೋಗಿತ್ತು. ಕೈಲಾಸ ಧೊಪ್ಪೆಂದು ಬಿತ್ತು, ಬಿದ್ದ ಸದ್ದಿನೊಳಗೇ ಒಂದು ಚೀತ್ಕಾರ ಕೇಳಿತು. ತೇಗದ ದಿಂಡಿನ ಕೆಳಗೆ ಚನ್ನಬಸವಯ್ಯನ ಬಲಗೈ ಇತ್ತು.

ಮುಂದಿನದು ಕ್ಷಣದಲ್ಲಿ ನಡೆದುಹೋಯಿತು. ಪರದೆಯ ಹಿಂದೆ ದಾಸರು ಪೇಟ ಕಿತ್ತೆಸೆದರು, ಗೆಜ್ಜೆ ಬಿಚ್ಚಿದರು. ಓಡಿಬಂದ ನಾಲ್ಕು ಜನರ ಜೊತೆ ಐದನೆಯವರಾಗಿ, ರಕ್ತ ಸೋರುತ್ತಿದ್ದ ಚನ್ನಬಸವಯ್ಯನನ್ನು ಹೊತ್ತುಕೊಂಡು ಮುಂಬಾಗಿಲಿಂದಲೇ ಹೊರಬಿದ್ದರು. ಹಿಂಬಾಗಿಲ ಓಣಿಯಲ್ಲಿ ಕತ್ತಲಲ್ಲಿ ಅಡಗಿದ್ದ ಪೊಲೀಸರು ಪೇಟದ ದಾಸರಿಗೆ ಕಾಯುತ್ತಲೇ ಇದ್ದರು. ಮುಂಬಾಗಿಲಲ್ಲಿ ಇನ್ಸ್‌ಪೆಕ್ಟರೇ “ದಾರಿ ಬಿಡಿ, ದಾರಿ ಬಿಡಿ” ಎಂದು ಜನರನ್ನು ಸರಿಸಿದರು. ಹೊರಗೆ ಸಿಕ್ಕ ಒಂದು ಎತ್ತಿನ ಗಾಡಿ ಇಬ್ಬರನ್ನೂ ಹತ್ತಿಸಿಕೊಂಡು ಚನ್ನರಾಯಪಟ್ಟಣದ ರಸ್ತೆ ಹಿಡಿಯಿತು. ಅಲ್ಲಿ ಮೂಳೆ ಕಟ್ಟುವವರ ಮನೆಯಲ್ಲಿ ಚನ್ನಬಸವಯ್ಯ ಇಳಿದ, ದಾಸರು ಇಳಿಯದೆ ಮುಂದೆ ಹೋದರು.

ಪರಮಶಿವಯ್ಯನನ್ನು ಠಾಣೆಗೆ ಎಳೆದೊಯ್ದರು. ಕಪಾಳಕ್ಕೆ ಬಿದ್ದವು. “ಯಾಕೆ ಬಿಟ್ಟೆ ಪರದೆ?” ಎಂದು ಕೇಳಿದಾಗ ಅವನು ಇದ್ದದ್ದನ್ನೇ ಹೇಳಿದ: “ನೀವು ಸೀಟಿ ಊದುದ್ರಿ ಸಾ, ಬುಟ್ಟೆ.” ಎರಡು ದಿನ ಅದನ್ನೇ ಕೇಳಿದರು, ಎರಡು ದಿನವೂ ಅದನ್ನೇ ಹೇಳಿದ. ಇಂಥ ಪೆದ್ದನನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಬಿಟ್ಟರು.

ಹೊರಗೆ ಬಂದರೆ ಠಾಣೆಯ ಮುಂದೆ ಅರ್ಧ ಊರು ನಿಂತಿತ್ತು. ಹಾರ ತಂದಿದ್ದರು! ದಾಸರನ್ನು ಉಳಿಸಲೆಂದೇ ಪರದೆ ಬಿಟ್ಟನಂತೆ, ಇನ್ಸ್‌ಪೆಕ್ಟರ ಮುಖಕ್ಕೇ “ಊದಿದವರು ನೀವೇ” ಎಂದು ಹೇಳಿದನಂತೆ, ಎರಡು ದಿನ ಹೊಡೆದರೂ ಬೇರೆ ಮಾತು ಬಾಯಲ್ಲಿ ಬರಲಿಲ್ಲವಂತೆ, ಎಂಥ ಗುಂಡಿಗೆ! ಹಾರ ಕೊರಳಿಗೆ ಬಿದ್ದಾಗ ಅವನು ಅತ್ತುಬಿಟ್ಟ. ಅದು ದೇಶಭಕ್ತಿಯ ಅಳು ಎಂದು ಜನ ಜೈಕಾರ ಹಾಕಿದರು. ಅವನ ಹೆಂಡತಿ ಗಂಗಾಂಬಿಕೆ, ಅದುವರೆಗೂ ಗಂಡನ ಕೆಲಸವನ್ನು ಕೇಳಿದವರಿಗೆ ‘ಮಂಡಿ ಕಡೆ’ ಎಂದಷ್ಟೇ ಹೇಳುತ್ತಿದ್ದವಳು, ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದ ಹೆಮ್ಮೆ ನೋಡಿದ ಮೇಲೆ ಅವಳಿಗೂ ಹೇಳಲಾಗಲಿಲ್ಲ.

ಮಲ್ಲೇಗೌಡ ಒಂದೇ ಒಂದು ಸಲ, ಅರಕಲಗೂಡಿಗೆ ವರ್ಗವಾಗಿ ಹೋಗುವ ಮುಂಚೆ, ದಾರಿಯಲ್ಲಿ ಸಿಕ್ಕ. “ಹೇಳ್ದೋನೂ ನೀನೇ, ಪರದೆ ಬುಟ್ಟೋನೂ ನೀನೇ. ನಿನ್ನ ಅರ್ಥ ಮಾಡ್ಕಳಾಕೆ ನನ್ ಕೈಲಾಗ್ಲಿಲ್ಲ ಕಣಯ್ಯ. ನಾನಂತೂ ಯಾರ್ಗೂ ಹೇಳಾಕಿಲ್ಲ” ಅಂದ. ಹೇಳಲೂ ಇಲ್ಲ. ಎರಡು ವರ್ಷದಲ್ಲಿ ಜ್ವರ ಬಂದು ತೀರಿಹೋದ. ಅವನು ಸತ್ತ ಸುದ್ದಿ ಕೇಳಿ ಪರಮಶಿವಯ್ಯನಿಗೆ ಮೊದಲು ಆದದ್ದು ಸಮಾಧಾನ. ಸತ್ತವನಿಗೆ ಮರುಗದೆ ಸಮಾಧಾನಪಟ್ಟೆನಲ್ಲ ಎಂದು ಆಮೇಲೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಚನ್ನಬಸವಯ್ಯನ ಕೈ ಕೂಡಿತು, ಸೊಟ್ಟಗೆ ಕೂಡಿತು. ಮೂರು ಬೆರಳು ಒಳಕ್ಕೆ ಮಡಚಿ ನಿಂತವು. ತಿದಿ ಒತ್ತುವ ಎಡಗೈ ಉಳಿಯಿತು, ನುಡಿಸುವ ಬಲಗೈ ಹೋಯಿತು. ಪೆಟ್ಟಿಗೆಯನ್ನು ಹೊಳೆನರಸೀಪುರದ ಒಬ್ಬ ಭಜನೆಯವನಿಗೆ ಕೊಟ್ಟು, ಹಾಲ್‌ನ ಎದುರಿಗೇ ಎಲೆಯಡಿಕೆಯ ಗೂಡಂಗಡಿ ಇಟ್ಟ. ಊರು ಅವನಿಗೂ ಒಂದು ಕಥೆ ಕಟ್ಟಿತು: ದಾಸರನ್ನು ಸಾಗಿಸಬೇಕೆಂದು ಇಬ್ಬರೂ ಮೊದಲೇ ಗೊತ್ತು ಮಾಡಿಕೊಂಡಿದ್ದರಂತೆ, ಅದಕ್ಕೇ ಅವನು ತಾನಾಗಿ ದಿಂಡಿನ ಕೆಳಗೆ ಕೈ ಇಟ್ಟನಂತೆ. ಚನ್ನಬಸವಯ್ಯ ಮೊದಮೊದಲು “ಅಂಗೇನಿಲ್ಲ ಬುಡ್ರಪ್ಪಾ” ಅನ್ನುತ್ತಿದ್ದ. ಆಮೇಲೆ ಸುಮ್ಮನಾದ. ಇನ್ನೂ ಆಮೇಲೆ, ಎಲೆಗೆ ಸುಣ್ಣ ಹಚ್ಚುತ್ತ, ಆ ಕೈಯನ್ನು ಗಿರಾಕಿಗಳಿಗೆ ಕಾಣುವ ಹಾಗೆ ಹಲಗೆಯ ಮೇಲೆ ಇಡತೊಡಗಿದ.

ಪರಮಶಿವಯ್ಯ ದಿನವೂ ಆ ಅಂಗಡಿಯ ಮುಂದೆ ಹಾಯಬೇಕು. ಚನ್ನಬಸವಯ್ಯ ದಿನವೂ ಕರೆದು ಎಲೆ ಕೊಡುತ್ತಿದ್ದ. ಅದನ್ನು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಇಳಿಯದು, ಉಗಿದರೆ ಅವನು ನೋಡುತ್ತಾನೆ. ಹೀಗೆ ಆರು ವರ್ಷ ಕಳೆಯಿತು.

ನಲವತ್ತೆಂಟರಲ್ಲಿ, ಸ್ವಾತಂತ್ರ್ಯ ಬಂದು ವರ್ಷ ತುಂಬಿದ ದಿನ, ಬಸವಲಿಂಗಮ್ಮ ನಾಟಕದ ಮನೆಯನ್ನು ಊರಿಗೇ ಬರೆದುಕೊಡುವುದು ಎಂದಾಯಿತು. ಅವತ್ತಿನ ದಾಸರು ಚಂದ್ರಶೇಖರಯ್ಯನವರೇ ಮುಖ್ಯ ಅತಿಥಿ. ಸಭೆಯ ಕೊನೆಗೆ ಒಂದು ವಿಶೇಷ ಇಟ್ಟುಕೊಂಡರು: ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಬಸವರಾಜು ಸೀಟಿ ಊದಬೇಕು, ಪರಮಶಿವಯ್ಯ ಅವತ್ತಿನ ಹಾಗೇ ಕೈಲಾಸದ ಪರದೆ ಬಿಡಬೇಕು, ಚನ್ನಬಸವಯ್ಯ ಅವನಿಗೆ ಶಾಲು ಹೊದಿಸಬೇಕು. ಇದನ್ನು ಕೇಳಿದ ರಾತ್ರಿಯಿಂದ ಪರಮಶಿವಯ್ಯನಿಗೆ ಊಟ ಸೇರಲಿಲ್ಲ. ಕೊನೆಗೆ ಒಂದು ತೀರ್ಮಾನಕ್ಕೆ ಬಂದ. ಅಷ್ಟು ಜನರ ಎದುರಿಗೇ ಎಲ್ಲ ಹೇಳಿಬಿಡುವುದು. ಆದರೆ ಚನ್ನಬಸವಯ್ಯನಿಗೆ ಮೊದಲು.

ಸಭೆಯ ದಿನ ಮಧ್ಯಾಹ್ನ ಎರಡು ಗಂಟೆಗೆ, ವೇಷ ಹಾಕುವ ಬಣ್ಣದ ಕೋಣೆಯಲ್ಲಿ ಇಬ್ಬರೇ ಇದ್ದರು. ಚನ್ನಬಸವಯ್ಯ ಮಡಿಚಿದ ಶಾಲು ತಂದಿದ್ದ.

“ಚನ್ನಬಸವಾ, ಒಂದ್ ಮಾತೈತೆ.”

“ಒಂದ್ಯಾಕೆ, ಹತ್ತು ಹೇಳು. ಇವತ್ತು ನಿನ್ ದಿನ.”

“ಅವತ್ತು ಪೊಲೀಸ್ನೋರು ಬಂದಿದ್ದು ನನ್ನಿಂದ ಕಣೋ. ದಫೇದಾರಂಗೆ ನಾನೇ ಹೇಳಿದ್ದು.”

ಹೋಟೆಲು, ದರ್ಬಾರಿನ ಕಂಬ, ಬೀಗ, ದೀಪ, ಎಲ್ಲ ಹೇಳಿದ. ಬಸವಲಿಂಗಮ್ಮ ಬೇಡ ಅಂದಿದ್ದನ್ನೂ, ಇಡೀ ದಿನ ಹೊತ್ತಿದ್ದರೂ ದಾಸರನ್ನು ಎಚ್ಚರಿಸದೇ ಇದ್ದದ್ದನ್ನೂ ಮುಚ್ಚಿಡಲಿಲ್ಲ. ಚನ್ನಬಸವಯ್ಯ ಕೇಳುತ್ತ ಕೇಳುತ್ತ ಅಲ್ಲಿದ್ದ ವೇಷದ ಟ್ರಂಕಿನ ಮೇಲೆ ಕೂತ.

“ಪೊಲೀಸ್ನೋರು ಒಡುದ್ರಾ?”

“ಇಲ್ಲ.”

“ಎದರ್ಸುದ್ರಾ?”

“ಇಲ್ಲ ಕಣೋ. ಪರದೆ ಚೆನ್ನಾಗೈತೆ ಅಂದ.”

“ಅಷ್ಟೇಯಾ?”

“ಅಷ್ಟೇ.”

ಚನ್ನಬಸವಯ್ಯ ತನ್ನ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದ. ಬೈಯಲಿಲ್ಲ. ಬೈದಿದ್ದರೆ ಪರಮಶಿವಯ್ಯ ಅವನ ಕಾಲಿಗೆ ಬಿದ್ದು ಹಗುರಾಗುತ್ತಿದ್ದ.

“ನೀನು ಬಾಯ್ ಮುಚ್ಕೊಂಡಿದ್ರೆ ಪೊಲೀಸೂ ಬತ್ತಿರ್ಲಿಲ್ಲ, ಸೀಟಿನೂ ಊದ್ತಿರ್ಲಿಲ್ಲ” ಎಂದ ಚನ್ನಬಸವಯ್ಯ, ಲೆಕ್ಕ ಒಪ್ಪಿಸುವವನ ಹಾಗೆ. “ನನ್ ಕೈನೂ ಇರ್ತಿತ್ತು.”

“ಊಂ. ಅದ್ಕೇ ಇವತ್ತು ಎಲ್ಲಾರ್ ಮುಂದೆ ಹೇಳ್ಬುಡ್ತೀನಿ. ಈ ಶಾಲು ನಂಗೆ ಬ್ಯಾಡ.”

“ಹೇಳ್ಬ್ಯಾಡ.”

ಪರಮಶಿವಯ್ಯ ತಲೆ ಎತ್ತಿದ.

“ಆರ್ ವರ್ಸ ದಿನಾ ಬೆಳಿಗ್ಗೆ ಎಡಗೈಲಿ ಅಂಗಿ ಗುಂಡಿ ಆಕ್ಕೊಳ್ಳೋವಾಗ ನಂಗೆ ನಾನೇ ಒಂದ್ ಮಾತು ಹೇಳ್ಕಂಡಿದೀನಿ. ಕೈ ಓದ್ರೆ ಓಯ್ತು, ದೇಸುಕ್ಕೆ ಓಯ್ತಲ್ಲ ಅಂತ. ಪೆಟ್ಟಿಗೆ ಕೊಟ್ಟು ಕಳ್ಸಿದಾಗ್ಲೂ ಅದ್ನೇ ಹೇಳ್ಕಂಡೆ. ನನ್ ಎಂಡ್ತಿ ಮಕ್ಳೂ ಅದ್ನೇ ಹೇಳ್ಕಂಡವ್ರೆ. ನೀನು ಇವತ್ತು ಅಲ್ಲಿ ನಿಂತು ಬಾಯ್ ಬುಟ್ರೆ, ನನ್ ಕೈ ಒಂದ್ ಲೋಟ ಕಾಫಿಗೆ ಓಯ್ತು ಅಂತಾಯ್ತದೆ.”

“ನಂಗೆ ತಡ್ಕಳಾಕಾಗ್ದು ಚನ್ನಬಸವಾ.”

“ತಡ್ಕೊ. ನಾನು ಕೈ ತಡ್ಕಂಡಿಲ್ವಾ? ನೀನು ಶಾಲು ತಡ್ಕೊ.”

ಇಷ್ಟು ಹೇಳಿ ಅವನು ಎದ್ದು ಹೋದ. ಎಲೆಯಡಿಕೆಯ ಚೀಲವನ್ನು ಅಲ್ಲಿ ಇಡಲಿಲ್ಲ, ಜೊತೆಗೇ ತೆಗೆದುಕೊಂಡು ಹೋದ.

ನಾಲ್ಕು ಗಂಟೆಗೆ ಸಭೆ. ಮುಂದಿನ ಬೆಂಚಿನಲ್ಲಿ ಗಂಗಾಂಬಿಕೆ ಮದುವೆಯ ಸೀರೆ ಉಟ್ಟು ಕೂತಿದ್ದಳು. ಚಂದ್ರಶೇಖರಯ್ಯನವರು ಎದ್ದು ಮಾತಾಡಿದರು. ಕೂದಲು ನರೆತಿತ್ತು, ದನಿ ಹಾಗೇ ಇತ್ತು. “ನಾನು ಅವತ್ತು ಈ ಮನೆಯ ಪರದೆಗಳನ್ನು ನೋಡಲಿಲ್ಲ. ಬೀಗದ ಬಗ್ಗೆ ಮಾತ್ರ ಯೋಚಿಸಿದೆ. ನನ್ನನ್ನು ಉಳಿಸಿದ್ದು ಬೀಗವಲ್ಲ, ಪರದೆ” ಎಂದರು. ಹಾಲ್ ಅದುರುವಷ್ಟು ಚಪ್ಪಾಳೆ ಬಿತ್ತು. ಆರು ವರ್ಷದ ಹಿಂದೆ ಇಂಥ ಒಂದೇ ಮಾತು ಅವರ ಬಾಯಿಂದ ಬಂದಿದ್ದರೆ ಸಾಕಿತ್ತು. ಪರಮಶಿವಯ್ಯ ಮಣೆಯ ಮೇಲೆ ಕೂತು ಹಗ್ಗ ಹಿಡಿದಿದ್ದ.

ಬಸವರಾಜು ಮೇಷ್ಟ್ರು ಎದೆಯುಬ್ಬಿಸಿ ಉದ್ದ ಸೀಟಿ ಊದಿದರು.

ಪರದೆ ಬೀಳಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವನ ಕೈಗೆ ಸೀಟಿ ಕೇಳಲಿಲ್ಲ. ಬೆರಳುಗಳು ಹಗ್ಗವನ್ನು ಹಿಡಿದೇ ಇದ್ದವು. ಜನ ಪ್ರೀತಿಯಿಂದ ನಕ್ಕರು. ಪಾಪ, ಸಂಕೋಚ, ವಯಸ್ಸಾಯಿತು. ಮೇಷ್ಟ್ರು ಇನ್ನೊಮ್ಮೆ ಊದಿದರು. ಕೈ ಅಲುಗಲಿಲ್ಲ. ಈಗಲೂ ಎದ್ದು ಹೇಳಬಹುದು ಎಂದು ಅವನಿಗೆ ಅನ್ನಿಸಿತು. ಬಾಯಿ ತೆರೆದ. ಎದುರಿನ ಪಕ್ಕದಲ್ಲಿ ಶಾಲು ಹಿಡಿದು ನಿಂತಿದ್ದ ಚನ್ನಬಸವಯ್ಯ ಅದನ್ನು ನೋಡಿದ. ರಂಗವನ್ನು ಅಡ್ಡಹಾಯ್ದು ನೇರವಾಗಿ ಬಂದ. ಪರಮಶಿವಯ್ಯನ ಮುಷ್ಟಿಯ ಮೇಲೆ ತನ್ನ ಎಡಗೈ ಇಟ್ಟು ಮೆಲ್ಲಗೆ “ಬುಡು” ಅಂದ.

ಒಂದೊಂದೇ ಬೆರಳು ಬಿಡಿಸಿ ಹಗ್ಗ ಸಡಿಲಿಸಿದರು. ಕೈಲಾಸ ನಿಧಾನವಾಗಿ, ಗಿಡ್ಡ ಸೀಟಿಗೆ ಇಳಿಯುವ ಹಾಗೆ, ಇಳಿದು ನೆಲ ಮುಟ್ಟಿತು. ಪರದೆಯ ಆಚೆ ಜನ ಎದ್ದು ನಿಂತು ಕೂಗುತ್ತಿದ್ದರು: ಪರಮಶಿವಯ್ಯನವರು ಹೊರಗೆ ಬರಬೇಕು, ಶಾಲು ಹೊದ್ದು ಬರಬೇಕು.

ಚನ್ನಬಸವಯ್ಯ ಶಾಲಿನ ಒಂದು ತುದಿಯನ್ನು ಎಡಗೈಯಲ್ಲಿ ಹಿಡಿದು ಗೆಳೆಯನ ಹೆಗಲ ಮೇಲೆ ಹಾಕಿದ. ಅದು ಜಾರಿ ಬಿತ್ತು. ಎತ್ತಿ ಮತ್ತೆ ಹಾಕಿದ, ಮತ್ತೆ ಜಾರಿತು. ಮಡಚಿದ ಬೆರಳುಗಳಿಗೆ ಇನ್ನೊಂದು ತುದಿ ಸಿಕ್ಕಲೊಲ್ಲದು. ಅವನು ಪರಮಶಿವಯ್ಯನ ಮುಖ ನೋಡಲಿಲ್ಲ, ಹಿಡಿದ ತುದಿಯನ್ನು ಹಿಡಿದುಕೊಂಡು ಕಾದು ನಿಂತ. ಪರಮಶಿವಯ್ಯ ಬಗ್ಗಿ, ಬಿದ್ದಿದ್ದ ತುದಿಯನ್ನು ತಾನೇ ಎತ್ತಿ, ತಾನೇ ಎಳೆದು ಹೆಗಲಿಗೆ ಹೊದ್ದುಕೊಂಡ.